ಹದಿನೇಳು ಒಂದುಗಳ ಸೊಸಾಯಾ ಮೇಷ್ಟ್ರು

ಮೇಷ್ಟ್ರ ಮಡದಿ ಸೇನಿ ಅಕ್ಕ, ದೊಡ್ಡ ಚಾಪೆಯ ಮೇಲೆ ಕೂತಿರುವ ಮೇಷ್ಟ್ರ ಒಡಹುಟ್ಟಿದಕ್ಕ ಕಲೋಲೈನೆ ಅತ್ತೆ, ಪಾದ್ರಿಗಳೇ, ನಮ್ಮ ಪಂಗಾಯಿ ಊರಿನ ಹಿರಿಯರೇ, ನಮ್ಮ ಶಾಲೆಯ ಹಳೆಯ ಮಕ್ಕಳೇ, ಈಗಿನ ಮಕ್ಕಳೇ — ಎಲ್ಲರಿಗೂ ನನ್ನ ನಮಸ್ಕಾರ. ಶನಿವಾರದ ಹಡಗಿನಲ್ಲಿ ಅಲೆಗೆ ಸಿಕ್ಕಿ, ಹೊಟ್ಟೆ ಹಿಡಿದುಕೊಂಡು ಬಂದವರೂ ಇದ್ದೀರಿ. ನಿಮಗೆ ಎರಡು ಸಲ ನಮಸ್ಕಾರ.

ನಮ್ಮ ಸೊಸಾಯಾ ಹಾಫೊಕಾ ಮೇಷ್ಟ್ರನ್ನು ಮಣ್ಣು ಮಾಡಿ ಇವತ್ತಿಗೆ ಹತ್ತು ದಿನ. ಅವರ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ನಾನು ಲಿಸಿಯಾತೆ. ಮೊದಲು ಅವರ ವಿದ್ಯಾರ್ಥಿ, ಆಮೇಲೆ ಹದಿನಾರು ವರ್ಷ ಅವರ ಪಕ್ಕದ ಕೋಣೆಯಲ್ಲಿ ಗಣಿತ ಹೇಳಿಕೊಟ್ಟವನು. ಭಾನುವಾರ ಚರ್ಚಿನಲ್ಲಿ ನಿಂತು ಬೋಧನೆ ಮಾಡುವವನೂ ನಾನೇ ಆದ್ದರಿಂದ, ಇವನು ಬೇಗ ಮುಗಿಸುವುದಿಲ್ಲ ಎಂದು ಕೆಲವರು ಈಗಾಗಲೇ ಗೋಡೆಗೆ ಒರಗಿದ್ದೀರಿ. ಒಳಗೆ ಬರುವಾಗ ಕಲೋಲೈನೆ ಅತ್ತೆಯೂ ನನ್ನ ತೋಳು ಹಿಡಿದು ಹೇಳಿದರು — "ಲಿಸಿಯಾತೆ, ಹಂದಿ ಬೇಯೋಕೆ ಮುಂಚೆ ಮುಗಿಸಿಬಿಡು. ಬೆಂದ ಮೇಲೆ ನಿನ್ನ ಮಾತು ಯಾರೂ ಕೇಳಲ್ಲ." ಆಗಲಿ ಅತ್ತೆ. ಆ ಹಂದಿಯ ವಿಷಯಕ್ಕೂ ಬರುತ್ತೇನೆ.

ಅದಕ್ಕೆ ಮೊದಲು ಒಂದು ಮಾತು. ಮಣ್ಣು ಮಾಡಿದ ಮಾರನೆಯ ದಿನ ಸೇನಿ ಅಕ್ಕ ನನ್ನನ್ನು ಮನೆಗೆ ಕರೆಸಿ, ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ ಕೈಗಿಟ್ಟರು. ಅದರಲ್ಲಿ ಮೇಷ್ಟ್ರ ಮತ್ತು ನನ್ನ ಲೆಕ್ಕದ ಪುಸ್ತಕಗಳಿದ್ದವು. ಕೊಟ್ಟು, ಕೇಳಿದರು — "ಕೊನೇ ಸೋಮವಾರ ನೀನು ಆಸ್ಪತ್ರೆಯಿಂದ ಹೋದ ಮೇಲೆ ಅವರು ನನ್ನ ಕಡೆ ತಿರುಗಿ, 'ಇವತ್ತೂ ಅವನು ಹೇಳಲಿಲ್ಲ ನೋಡು' ಅಂದರು. ಏನು ಹೇಳಬೇಕಿತ್ತಪ್ಪ ನೀನು?"

ಡಬ್ಬ ಎತ್ತಿಕೊಂಡು, ಹೋಗಿಬರುತ್ತೇನೆ ಎಂದೂ ಹೇಳದೆ, ಬಂದುಬಿಟ್ಟೆ. ಅಕ್ಕ, ಆ ಪ್ರಶ್ನೆಗೆ ಇವತ್ತು ಇಲ್ಲಿ, ಇಷ್ಟು ಜನರ ಮುಂದೆ ಉತ್ತರ ಕೊಡುತ್ತೇನೆ. ಒಬ್ಬರ ಮುಂದೆ ಹೇಳುವ ಧೈರ್ಯ ನನಗಿಲ್ಲ. ನೂರು ಜನರ ಮುಂದೆಯಾದರೆ ಹೇಗೋ ಅಭ್ಯಾಸವಿದೆ.

ಮೂವತ್ತೆಂಟು ವರ್ಷಗಳ ಹಿಂದೆ, ಇದೇ ಶಾಲೆಯಲ್ಲಿ, ಇದೇ ಸಭಾಂಗಣದ ಹಿಂದಿನ ಕೋಣೆಯಲ್ಲಿ, ನಮ್ಮ ತರಗತಿಗೆ ಒಬ್ಬ ಹೊಸ ಮೇಷ್ಟ್ರು ಬಂದರು. ಎಳೆಯ ಮುಖ, ಗೌರವಕ್ಕೆಂದು ಸೊಂಟಕ್ಕೆ ಸುತ್ತಿದ ಚಾಪೆ ಮಾತ್ರ ಅಜ್ಜನ ಕಾಲದ್ದು. ನಾವು ಹದಿನೇಳು ಜನ. ಹೆಸರು ಕೇಳಲಿಲ್ಲ ಅವರು. ಸೀಮೆಸುಣ್ಣ ಕೊಟ್ಟು, "ಒಬ್ಬೊಬ್ಬರೇ ಬನ್ನಿ, ಹಲಗೆ ಮೇಲೆ ಒಂದೊಂದು 'ಒಂದು' ಬರೀರಿ" ಅಂದರು. ಬರೆದೆವು. ಎಡದಿಂದ ಬಲಕ್ಕೆ, ಸಾಲಾಗಿ ಹದಿನೇಳು ಒಂದುಗಳು. ನಾನು ಎಲ್ಲರಿಗಿಂತ ಹಿಂದೆ ಕೂತಿದ್ದೆ — ಬಲತುದಿಯ ಕೊನೆಯ ಒಂದು ನನ್ನದು. ಇದನ್ನು ನೆನಪಿಡಿ, ಬೇಕಾಗುತ್ತದೆ.

"ಓದಿ" ಅಂದರು. ನಾವು ಟೋಂಗಾದವರು ಅಂಕಿ ಅಂಕಿಯಾಗಿ ಓದುವವರಲ್ಲವೇ? ಒಂದೊಂದು ಒಂದಕ್ಕೂ ಒಂದು 'ತಹ' — ತಹ, ತಹ, ತಹ, ತಹ ಎಂದು ಶುರು ಮಾಡಿ, ಹತ್ತು ದಾಟುವಷ್ಟರಲ್ಲಿ ನಗು ಬಂದು, ಎಷ್ಟು ಹೇಳಿದೆವೋ ಮರೆತು, ಮತ್ತೆ ಮೊದಲಿನಿಂದ ಹೇಳಿದೆವು. ಅವರು ನಗಲಿಲ್ಲ. "ಇದು ನಿಮ್ಮ ಸಂಖ್ಯೆ. ನೂರಹನ್ನೊಂದು ಕೋಟಿ ಕೋಟಿಗೂ ಮಿಗಿಲು. ಇದನ್ನ ಒಂದು ಚೂರೂ ಮಿಗದ ಹಾಗೆ ಸಮ ಪಾಲು ಮಾಡಬಹುದಾ?" ಎಂದು ಕೇಳಿದರು.

ಎರಡು ಎಂದೆವು. ಬೆಸ ಸಂಖ್ಯೆ ಕಣ್ರೋ ಅಂದರು. ಮೂರು ಎಂದೆವು. ಅಂಕಿಗಳನ್ನು ಕೂಡಿ ನೋಡಿ ಅಂದರು — ಹದಿನೇಳು, ಮೂರರಲ್ಲಿ ಹೋಗುವುದಿಲ್ಲ. ಐದು, ಏಳು, ಹನ್ನೊಂದು, ಯಾವುದಕ್ಕೂ ಅದು ಬಗ್ಗಲಿಲ್ಲ. ಕೊನೆಗೆ ಯಾರೋ ಬೇಸತ್ತು, "ನೀವೇ ಹೇಳಿ ಮೇಷ್ಟ್ರೇ" ಅಂದರು.

"ನನಗೂ ಗೊತ್ತಿಲ್ಲ" ಅಂದರು ಅವರು.

ಒಬ್ಬ ಮೇಷ್ಟ್ರ ಬಾಯಿಂದ ಆ ಮಾತನ್ನು ನಾವು ಕೇಳಿದ್ದು ಅದೇ ಮೊದಲು. ಆ ಹದಿನೇಳು ಜನರಲ್ಲಿ ನಾಲ್ವರು ಈಗ ಇಲ್ಲ. ಏಳು ಜನ ಆಕ್ಲೆಂಡಿನಲ್ಲಿ, ಸಿಡ್ನಿಯಲ್ಲಿ ಇದ್ದಾರೆ. ಆರು ಜನ ಈ ಸಭೆಯಲ್ಲಿ ಇದ್ದೇವೆ. ಆ ದಿನವನ್ನು ನಾವು ಯಾರೂ ಮರೆತಿಲ್ಲ.

ನಾನು ಓದು ಮುಗಿಸಿ, ಎಷ್ಟೋ ವರ್ಷ ಬೇರೆ ಕಡೆ ಕಲಿಸಿ, ಕೊನೆಗೆ ಮೇಷ್ಟ್ರಾಗಿ ಇದೇ ಶಾಲೆಗೆ ಬಂದ ದಿನ, ಸಂಜೆ ಗಂಟೆ ಹೊಡೆದ ಮೇಲೆ, ಅವರು ದೀವಿಹಲಸಿನ ಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ ಹಾಕಿಸಿದ್ದರು. "ಲಿಸಿಯಾತೆ, ಆ ಸಂಖ್ಯೆ ನೆನಪಿದೆಯಾ? ಇಬ್ಬರಿದ್ದರೆ ಒಡೀಬಹುದು. ಒಬ್ಬನ ಕೈಲಿ ಆಗಲ್ಲ" ಅಂದರು.

ಮಕ್ಕಳೇ, ನೀವು ನಗುತ್ತೀರಿ ಎಂದು ಗೊತ್ತು. ಫೋನಿನಲ್ಲಿ ಒಂದು ಕ್ಷಣದ ಕೆಲಸ. ಯಾವುದೋ ಪುಸ್ತಕದಲ್ಲಿ ಉತ್ತರ ಯಾವತ್ತೋ ಅಚ್ಚಾಗಿರುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಆದರೆ ಅವರ ಕಟ್ಟಳೆ ಮೂರು: ಯಂತ್ರ ಮುಟ್ಟಬಾರದು, ಪುಸ್ತಕ ನೋಡಬಾರದು, ಭಾನುವಾರ ಲೆಕ್ಕ ಮಾಡಬಾರದು. ಮೂರನೆಯದು ಪಾದ್ರಿಗಳ ಕೊಡುಗೆ. ಅವರು ಇಲ್ಲೇ ಇದ್ದಾರೆ, ಅವರೇ ಸಾಕ್ಷಿ. ಮೇಷ್ಟ್ರು ಹೋಗಿ ಕೇಳಿದ್ದರು — "ಪಾದ್ರಿಗಳೇ, ಭಾನುವಾರ ಚರ್ಚಿನಲ್ಲಿ ಹಾಡಿನ ಸಂಖ್ಯೆ ಹುಡುಕ್ತೀವಲ್ಲ, ಅದು ಕೆಲಸವಾ?" "ಅಲ್ಲ." "ಹಾಗಾದ್ರೆ ಭಾಗಾಕಾರ?" ಪಾದ್ರಿಗಳು ಸ್ವಲ್ಪ ಯೋಚಿಸಿ, "ಬೆವರು ಬರುತ್ತಾ?" ಎಂದು ಕೇಳಿದರು. ಮೇಷ್ಟ್ರು ಸುಳ್ಳು ಹೇಳುವವರಲ್ಲ. "ಬರುತ್ತೆ" ಅಂದರು. "ಹಾಗಾದ್ರೆ ಕೆಲಸವೇ." ಅಲ್ಲಿಗೆ ಮುಗಿಯಿತು.

ಹದಿನೇಳು ಒಂದುಗಳಿಗೆ ಒಂದು ಗುಣ ಇದೆ. ಅದನ್ನು ಒಡೆಯುವ ಸಂಖ್ಯೆ ಯಾವುದೇ ಇರಲಿ, ಅದನ್ನು ಮೂವತ್ತನಾಲ್ಕರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು. ಯಾಕೆ ಎಂದು ಈಗ ಬೇಡ, ಅತ್ತೆ ನನ್ನನ್ನೇ ನೋಡುತ್ತಿದ್ದಾರೆ. ಅಂದರೆ ಸಿಕ್ಕ ಸಿಕ್ಕ ಸಂಖ್ಯೆಯನ್ನೆಲ್ಲ ಪರೀಕ್ಷಿಸಬೇಕಾಗಿಲ್ಲ. ಮೂವತ್ತನಾಲ್ಕು ಮೂವತ್ತನಾಲ್ಕು ಹೆಜ್ಜೆ ಹಾಕಿಕೊಂಡು ಹೋದರೆ ಸಾಕು. ಮೂವತ್ತೈದು — ಐದರಲ್ಲಿ ಹೋಗುತ್ತದೆ, ಬಿಡು. ಅರವತ್ತೊಂಬತ್ತು — ಮೂರರಲ್ಲಿ ಹೋಗುತ್ತದೆ, ಬಿಡು. ನೂರಮೂರು — ಹಾ, ಇದನ್ನು ಹಿಡಿ. ಹೀಗೆ ಜೊಳ್ಳು ತೂರಿ ಕಾಳು ಹಿಡಿದು, ದಿನಕ್ಕೆ ಅವರು ನಾಲ್ಕು, ನಾನು ನಾಲ್ಕು. ವಾರಕ್ಕೆ ಆರು ದಿನ. ಮುಗಿದ ಮೇಲೆ ಪುಸ್ತಕ ಅದಲುಬದಲು. ಅವರದ್ದನ್ನು ನಾನು, ನನ್ನದ್ದನ್ನು ಅವರು ತಾಳೆ ನೋಡಿ, ಸರಿಯಿದ್ದರೆ ಸಾಲಿನ ಪಕ್ಕ ಗುರುತು ಹಾಕಬೇಕು. ಅವರ ಗುರುತು ಮೀನಿನ ಗಾಳದ ಹಾಗೆ, ತುದಿ ಒಳಕ್ಕೆ ಬಾಗಿರುತ್ತಿತ್ತು. ನಿಮ್ಮೆಲ್ಲರ ಪುಸ್ತಕದಲ್ಲೂ ಅದು ಇದೆ.

ಸಂಖ್ಯೆ ಒಡೆದ ದಿನ ಹಂದಿ ಸುಡುವುದು ಎಂದು ಊರಿಗೇ ಮಾತು ಕೊಟ್ಟಿದ್ದರು. ಸೇನಿ ಅಕ್ಕ ಅದಕ್ಕೆಂದೇ ಒಂದು ಹಂದಿ ಸಾಕಿದರು. ಸಂಖ್ಯೆ ಒಡೆಯಲಿಲ್ಲ, ಹಂದಿಗೆ ಮುಪ್ಪು ಬಂತು. ಇನ್ನೊಂದು ಸಾಕಿದರು. ಪ್ರತಿ ಕ್ರಿಸ್‌ಮಸ್ಸಿಗೂ ಕಲೋಲೈನೆ ಅತ್ತೆ ತಮ್ಮನನ್ನು ಛೇಡಿಸುತ್ತಿದ್ದರು — "ಏನೋ ಸೊಸಾಯಾ, ಹಂದಿಗಳೆಲ್ಲ ಅಜ್ಜಿಯರಾಗ್ತಿವೆ, ನಿನ್ನ ಸಂಖ್ಯೆಗೆ ಇನ್ನೂ ವಯಸ್ಸಾಗಲಿಲ್ವಾ?" ಮೇಷ್ಟ್ರು ಅಕ್ಕನ ಎದುರು ಬಾಯಿ ಬಿಡುವ ಹಾಗಿರಲಿಲ್ಲ. ತಲೆ ತಗ್ಗಿಸಿ ನಗುತ್ತಿದ್ದರು.

ಒಂಬತ್ತೂವರೆ ವರ್ಷ ಹೀಗೆ ಹೋಯಿತು.

ಈಗ — ಸ್ವಲ್ಪ ನೀರು ಕೊಡಿ.

ಆ ಭಾನುವಾರ ಬೆಳಿಗ್ಗೆ ಬೋಧನೆ ನನ್ನದಿತ್ತು. ವಿಷಯ, ಭಾನುವಾರದ ವಿಶ್ರಾಂತಿ. ಹಿಂದಿನ ಭಾನುವಾರ ಇನೋಕೆ ತನ್ನ ದೋಣಿಯ ಎಂಜಿನ್ ಬಿಚ್ಚಿ ಕೂತಿದ್ದನ್ನು ಕಣ್ಣಾರೆ ಕಂಡಿದ್ದೆ. ಹೆಸರು ಹಿಡಿದು, ಎಲ್ಲರ ಮುಂದೆ, ಹಿಗ್ಗಾಮುಗ್ಗಾ ಬೈದೆ. ಆಮೇಲೆ ಮನೆಗೆ ಹೋಗಿ, ನೆಲದ ಒಲೆಯಲ್ಲಿ ಬೆಂದ ಕೆಸುವಿನೆಲೆ, ತೆಂಗಿನ ಹಾಲಿನ ಮಾಂಸ ಹೊಟ್ಟೆ ಬಿರಿಯ ತಿಂದು ಮಲಗಿದೆ. ನಿದ್ದೆ ಬರಲಿಲ್ಲ. ಮಧ್ಯಾಹ್ನದ ಆರಾಧನೆಗೆ ಇನ್ನೂ ಹೊತ್ತಿತ್ತು. ಊರೆಲ್ಲ ಗೊರಕೆ. ಚಾಪೆಯ ಕೆಳಗಿದ್ದ ಪುಸ್ತಕ ತೆಗೆದು, ಸೋಮವಾರದ ನಾಲ್ಕು ಲೆಕ್ಕ ಈಗಲೇ ಮುಗಿಸಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಶುರು ಮಾಡಿದೆ.

ಎರಡನೆಯ ಲೆಕ್ಕ. ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳುನೂರ ಇಪ್ಪತ್ತಮೂರು. ಭಾಗಿಸುತ್ತಾ ಬಂದೆ, ಕೊನೆಯ ಅಂಕಿ ಇಳಿಸಿದೆ, ಕಳೆದೆ — ಏನೂ ಉಳಿಯಲಿಲ್ಲ.

ಸೊನ್ನೆ.

ಮತ್ತೊಮ್ಮೆ ಮಾಡಿದೆ. ಸೊನ್ನೆ. ಮೂರನೆಯ ಸಲವೂ ಸೊನ್ನೆಯೇ. ಹದಿನೇಳು ಒಂದುಗಳು ಒಡೆದಿದ್ದವು. ಒಂದು ಪಾಲು ಇಪ್ಪತ್ತು ಲಕ್ಷದ್ದು, ಇನ್ನೊಂದು ಐನೂರ ಮೂವತ್ತಾರು ಕೋಟಿ ಚಿಲ್ಲರೆ. ಆ ದೊಡ್ಡ ಪಾಲನ್ನು ಮುಂದೆ ಒಡೆಯಲು ಸಾಧ್ಯವಿಲ್ಲ. ಅದನ್ನು ಒಡೆಯುವಷ್ಟು ಸಣ್ಣ ಸಂಖ್ಯೆಗಳನ್ನೆಲ್ಲ ನಾವು ಯಾವತ್ತೋ ಪರೀಕ್ಷಿಸಿ ದಾಟಿ ಬಂದಿದ್ದೆವು. ಅಂದರೆ ಕೆಲಸ ಪೂರ್ತಿಯಾಗಿತ್ತು. ಗೆದ್ದಿದ್ದೆವು. ಒಂಬತ್ತೂವರೆ ವರ್ಷದ ಕೆಲಸ ಮುಗಿಯಿತು — ಭಾನುವಾರ ಮಧ್ಯಾಹ್ನ, ಎಂಜಿನ್ ಬಿಚ್ಚಿದವನನ್ನು ಬೆಳಿಗ್ಗೆ ಬೈದ ಈ ಬೋಧಕನ ಕೈಯಲ್ಲಿ.

ಇನೋಕೆ, ಅಲ್ಲಿ ಬಾಗಿಲ ಹತ್ತಿರ ಕೂತಿದ್ದೀಯ. ನಗು, ಪರವಾಗಿಲ್ಲ. ನನ್ನನ್ನು ಕ್ಷಮಿಸು.

ನಾಳೆ ಅವರೆದುರಿಗೆ ಕೂತು ಹೊಸದಾಗಿ ಮಾಡಿ, ಆಗಲೇ ಸಿಕ್ಕಿತು ಎನ್ನೋಣ ಎಂದುಕೊಂಡೆ. ಸೋಮವಾರ ಸಂಜೆ ಮರದ ಕೆಳಗೆ ಹೋದರೆ, ಮೇಷ್ಟ್ರು ಆಗಲೇ ಕೂತಿದ್ದಾರೆ, ಬಲಗಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿದ್ದಾರೆ. ಸಕ್ಕರೆ ಕಾಯಿಲೆಯ ಹುಣ್ಣು ನಿಮಗೆಲ್ಲ ಗೊತ್ತು. ಬೆಳಿಗ್ಗೆ ಡಾಕ್ಟರು ಹೇಳಿದ್ದರಂತೆ, ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದು. ಅದನ್ನು ನನಗೆ ಹೇಳಿ, ಮೇಜಿನ ಮೇಲಿನ ಹೊಸ ಪುಸ್ತಕಗಳ ಕಟ್ಟು ತಟ್ಟಿ, "ಕಾಲು ಹೋಗಲಿ ಬಿಡು. ಕೂತು ಮಾಡೋ ಕೆಲಸ ಒಂದಿದೆಯಲ್ಲ, ಅಷ್ಟು ಸಾಕು" ಅಂದರು.

ಹೇಗೆ ಹೇಳಲಿ? ಆ ಹೊತ್ತಿಗೆ, ನಿಮ್ಮ ಕೂತು ಮಾಡುವ ಕೆಲಸವೂ ಮುಗಿಯಿತು ಮೇಷ್ಟ್ರೇ ಎಂದು ಹೇಗೆ ಹೇಳಲಿ?

ಇಲ್ಲಿಗೇ ನಿಲ್ಲಿಸಿದರೆ ನಾನು ಒಳ್ಳೆಯವನಾಗುತ್ತೇನೆ. ಅರ್ಧ ಅವರ ಮೇಲಿನ ಪ್ರೀತಿ, ಅರ್ಧ ನನ್ನ ಭಯ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಮುಕ್ಕಾಲು ಭಯ. ಯಾವಾಗ ಸಿಕ್ಕಿತು ಎಂದು ಅವರು ಕೇಳಿದರೆ, ಆ ಮುಖ ನೋಡಿಕೊಂಡು ನನ್ನ ಕೈಲಿ ಸುಳ್ಳು ಹೇಳಲಾಗುತ್ತಿರಲಿಲ್ಲ. ನಿಜ ಹೇಳಿದರೆ ಊರಿಗೇ ತಿಳಿಯುತ್ತಿತ್ತು.

ಅದಕ್ಕೆ ಪುಸ್ತಕದಲ್ಲಿ ಸುಳ್ಳು ಬರೆದೆ. ಬಹಳ ಹಿಂದೆ ನಮ್ಮ ದ್ವೀಪಗಳಿಗೆ ಬಂದ ಬಿಳಿಯ ನಾವಿಕನೊಬ್ಬ ದೊಡ್ಡ ದೊಡ್ಡ ಸಂಖ್ಯೆಗಳ ಹೆಸರು ಕೇಳಿದಾಗ, ನಮ್ಮ ಹಿರಿಯರು ಬಾಯಿಗೆ ಬಂದ ಪೋಲಿ ಮಾತನ್ನೆಲ್ಲ ಹೇಳಿ ಬರೆಸಿ ಕಳಿಸಿದ್ದರಂತೆ. ಮೇಷ್ಟ್ರು ಆ ಕತೆ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಸಂಖ್ಯೆಯ ವಿಷಯದಲ್ಲಿ ಸುಳ್ಳು ಹೇಳಿದ ಮೊದಲ ಟೋಂಗಾದವನು ನಾನಲ್ಲ. ಆದರೆ ಅವರು ಹೇಳಿದ್ದು ಪರದೇಶದವನಿಗೆ. ನಾನು ಹೇಳಿದ್ದು ನನ್ನ ಮೇಷ್ಟ್ರಿಗೆ.

ಶೇಷದ ಜಾಗದಲ್ಲಿ ಒಂಬತ್ತು ಬರೆದೆ. ಒಂಬತ್ತೇ ಯಾಕೆ ಗೊತ್ತೇ? ನಾವು ತಾಳೆ ನೋಡುತ್ತಿದ್ದದ್ದು ಒಂಬತ್ತು ಕಳೆದು. ಅಂಕಿಗಳನ್ನೆಲ್ಲ ಕೂಡು, ಒಂಬತ್ತುಗಳನ್ನು ಎಸೆ, ಉಳಿದದ್ದು ಎರಡೂ ಕಡೆ ಒಂದೇ ಬಂದರೆ ಸರಿ. ಸೊನ್ನೆ ಇರಬೇಕಾದ ಕಡೆ ಒಂಬತ್ತು ಇದ್ದರೆ ಆ ತಾಳೆಗೆ ಅದು ಕಾಣುವುದೇ ಇಲ್ಲ. ಅವರು ಕಲಿಸಿದ ವಿದ್ಯೆಯಿಂದಲೇ ಅವರ ಕಣ್ಣು ತಪ್ಪಿಸಿದೆ.

ಪುಸ್ತಕ ಕೊಟ್ಟೆ. ಅವರು ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. ಕಾಲಿನ ನೋವು ಇರಬೇಕು ಎಂದುಕೊಂಡೆ. ಆಮೇಲೆ ಕೇಳಿದರು:

"ಏನಾದರೂ ಹೇಳೋದಿದೆಯಾ, ಲಿಸಿಯಾತೆ?"

"ಏನಿಲ್ಲ ಮೇಷ್ಟ್ರೇ."

"ಸರಿ" ಅಂದರು. ಪುಸ್ತಕ ಮುಚ್ಚಿದರು.

ಮಾರನೆಯ ವಾರ ಅವರ ಕಾಲು ತೆಗೆದರು. ಸಂಜೆಯ ಲೆಕ್ಕದ ಮೇಜು ಮರದ ಕೆಳಗಿನಿಂದ ಅವರ ಮನೆಯ ಜಗಲಿಗೆ ಬಂತು. ಅಲ್ಲಿಂದ ಆರೂವರೆ ವರ್ಷ. ದಿನಕ್ಕೆ ನಾಲ್ಕು, ವಾರಕ್ಕೆ ಆರು ದಿನ, ಆಗಲೇ ಒಡೆದು ಹೋದ ಸಂಖ್ಯೆಯನ್ನು ನಾನು ಒಡೆಯುತ್ತಲೇ ಇದ್ದೆ, ಅವರೂ ಒಡೆಯುತ್ತಲೇ ಇದ್ದರು. ಪ್ರತಿ ಸೋಮವಾರ, ಕೆಲಸ ಮುಗಿದ ಮೇಲೆ, ಅದೇ ಮಾತು. "ಏನಾದರೂ ಹೇಳೋದಿದೆಯಾ, ಲಿಸಿಯಾತೆ?" ವಾರದ ಸುದ್ದಿ ಕೇಳುತ್ತಿದ್ದಾರೆ ಎಂದುಕೊಂಡಿದ್ದೆ. ನಾನು ಚರ್ಚಿನ ಜಗಳ ಹೇಳುತ್ತಿದ್ದೆ. ಯಾರ ಮಗಳು ಆಕ್ಲೆಂಡಿಗೆ ಹೋದಳು ಎಂದು ಹೇಳುತ್ತಿದ್ದೆ. ಪೂರ್ತಿ ಕೇಳಿ, "ಸರಿ" ಅನ್ನುತ್ತಿದ್ದರು. ಕೊನೆಯ ಸೋಮವಾರ ಆಸ್ಪತ್ರೆಯಲ್ಲಿ ಮಾತು ಹೊರಡುವುದೇ ಕಷ್ಟವಾಗಿತ್ತು, ಆಗಲೂ ಕೇಳಿದರು. "ಮಳೆ ಬರೋ ಹಾಗಿದೆ ಮೇಷ್ಟ್ರೇ" ಅಂದೆ.

ಸೇನಿ ಅಕ್ಕ, ನೀವು ಡಬ್ಬ ಕೊಟ್ಟ ದಿನ ನಾನು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಆ ಪುಸ್ತಕ ಹುಡುಕಿದೆ. ಯಾಕೆ? ಆ ಹಾಳೆ ಹರಿದು ಹಾಕಲು. ಇಷ್ಟು ಹೇಳಿದ ಮೇಲೆ ಇದನ್ನೇಕೆ ಮುಚ್ಚಿಡಲಿ! ಆರೂವರೆ ವರ್ಷ ನಾನು ಆ ಹಾಳೆಯ ಕಡೆ ತಿರುಗಿ ನೋಡಿರಲಿಲ್ಲ. ತೆರೆದೆ. ಸಾಲು ಸಾಲಾಗಿ ಅವರ ಗಾಳದ ಗುರುತುಗಳು. ನನ್ನ ಸುಳ್ಳಿನ ಸಾಲಿಗೆ ಬಂದೆ.

ಅದರ ಪಕ್ಕ ಗುರುತಿಲ್ಲ.

ಉಳಿದ ಪುಸ್ತಕಗಳನ್ನೆಲ್ಲ ತೆರೆದು ನೋಡಿದೆ. ಹದಿನಾರು ವರ್ಷದ ನನ್ನ ಸಾವಿರಾರು ಸಾಲುಗಳಲ್ಲಿ ಗುರುತಿಲ್ಲದ ಸಾಲು ಅದೊಂದೇ.

ಈಗ ಒಂದು ಪ್ರಶ್ನೆ. ಇಲ್ಲಿ ಅವರ ವಿದ್ಯಾರ್ಥಿಗಳು ಎಷ್ಟು ಜನ ಇದ್ದೀರೋ ಎಲ್ಲರೂ ಹೇಳಿ. ಲೆಕ್ಕ ಮುಗಿದ ಕೂಡಲೇ ಮೇಷ್ಟ್ರು ಮೊದಲು ಏನು ನೋಡು ಅನ್ನುತ್ತಿದ್ದರು? — ಹಾ. ಇನ್ನೂ ಜೋರಾಗಿ. — ಕೊನೆಯ ಅಂಕಿ. ಮೊದಲು ಕೊನೆಯ ಅಂಕಿ ನೋಡು, ಆಮೇಲೆ ಮಿಕ್ಕದ್ದು. ಮೂವತ್ತೆಂಟು ವರ್ಷ ಅದನ್ನೇ ಹೇಳಿದರು. ನಿಮಗೆಲ್ಲ ನೆನಪಿದೆ. ನಾನು ಮರೆತಿದ್ದೆ. ಒಂಬತ್ತರ ತಾಳೆಯನ್ನು ಮೋಸ ಮಾಡುವುದರಲ್ಲೇ ಮುಳುಗಿ, ಅದಕ್ಕಿಂತ ಮೊದಲಿನ ಪಾಠವನ್ನೇ ಮರೆತಿದ್ದೆ.

ಭಾಜಕದ ಕೊನೆಯ ಅಂಕಿ ಮೂರು. ಭಾಗಲಬ್ಧದ ಕೊನೆಯ ಅಂಕಿ ಏಳು. ಮೂರೇಳ್ಲಿ ಇಪ್ಪತ್ತೊಂದು — ಕೊನೆಗೆ ಒಂದು. ಅದಕ್ಕೆ ನನ್ನ ಸುಳ್ಳು ಒಂಬತ್ತು ಕೂಡಿಸಿ. ಹತ್ತು. ಕೊನೆಗೆ ಸೊನ್ನೆ ಬರುತ್ತದೆ. ಆದರೆ ನಮ್ಮ ಸಂಖ್ಯೆಯ ಕೊನೆಯಲ್ಲಿರುವುದು ಒಂದು. ಬಲತುದಿಯ ಒಂದು. ಮೂವತ್ತೆಂಟು ವರ್ಷಗಳ ಹಿಂದೆ ಹಲಗೆಯ ಮೇಲೆ ನಾನೇ ಬರೆದ ಒಂದು!

ಒಂಬತ್ತು ತೆಗೆದು ಸೊನ್ನೆ ಇಟ್ಟರೆ ಎಲ್ಲ ಸರಿಹೋಗುತ್ತದೆ. ಅವರು ಆ ಕ್ಷಣವೇ ಕಂಡುಹಿಡಿದಿದ್ದರು. ಕನ್ನಡಕ ಒರೆಸಿದ್ದು ಕಾಲಿನ ನೋವಿಗಲ್ಲ. ಸಂಖ್ಯೆ ಒಡೆದಿದೆ ಎಂದು ಗೊತ್ತಿತ್ತು. ನಾನು ಸುಳ್ಳು ಬರೆದಿದ್ದೇನೆ ಎಂದು ಗೊತ್ತಿತ್ತು. ಯಾಕೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅದನ್ನು ಕಸಿದುಕೊಳ್ಳದೆ, ನಾನೇ ಹೇಳಲಿ ಎಂದು, ಆ ಗೊತ್ತಿದ್ದ ಸಂಖ್ಯೆಯ ಮೇಲೆ ಎಂಟು ಸಾವಿರ ಭಾಗಾಕಾರ ಮಾಡಿಕೊಂಡು ನನ್ನ ಎದುರು ಕೂತಿದ್ದರು. ಒಂದೇ ಕಾಲಿನಲ್ಲಿ. ಸೋಮವಾರಕ್ಕೊಮ್ಮೆ ಕೇಳಿಕೊಂಡು. ಹೇಳಿದ್ದರೆ ಹಂದಿ ಸುಡುತ್ತಿದ್ದರು, ನನ್ನ ಭಾನುವಾರವನ್ನು ನೆನೆಸಿಕೊಂಡು ಕಣ್ಣೀರು ಬರುವಷ್ಟು ನಗುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು. ಆ ನಗುವನ್ನು ನಾನು ಅವರಿಗೆ ಕೊಡಲಿಲ್ಲ. ಇದನ್ನು ನಾನು ಸಹಿಸಲಾರೆ.

ಕಲೋಲೈನೆ ಅತ್ತೆ, ಹೊರಗೆ ಬೇಯುತ್ತಿರುವ ಹಂದಿ ನಾನು ತಂದದ್ದು. ನಿಮ್ಮ ತಮ್ಮ ಮಾತು ತಪ್ಪಿದವರಲ್ಲ. ಆರೂವರೆ ವರ್ಷ ತಡ ಮಾಡಿದವನು ನಾನು.

ಪುಸ್ತಕ ತಂದಿದ್ದೇನೆ. ಆ ಹಾಳೆ ಹರಿಯಲಿಲ್ಲ. ಒಂಬತ್ತನ್ನು ಹೊಡೆದು ಸೊನ್ನೆ ಬರೆದಿದ್ದೇನೆ, ಪಕ್ಕದಲ್ಲಿ 'ಭಾನುವಾರ' ಎಂದೂ ಬರೆದಿದ್ದೇನೆ. ಗುರುತಿನ ಜಾಗ ಖಾಲಿಯೇ ಇದೆ. ನಾನು ಹಾಕುವ ಹಾಗಿಲ್ಲ. ಹಾಕಬೇಕಾದವರು ಇಲ್ಲ. ಸೇನಿ ಅಕ್ಕ, ಇದು ನಿಮ್ಮ ಡಬ್ಬದಲ್ಲೇ ಇರಲಿ.

ಇವತ್ತು ಸೋಮವಾರ.

ಹೇಳೋದಿದೆ ಮೇಷ್ಟ್ರೇ. ಒಂದಿದೆ. ಶೇಷ ಸೊನ್ನೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅತ್ತೆ, ನೀವು ಕೂತೇ ಇರಿ. ಗಡಿಯಾರ ನೋಡುವುದು ಬೇಡ. ಮನಸ್ಸಿನಲ್ಲೇ, ಆತುರವಿಲ್ಲದೆ, ಹದಿನೇಳು ಸಲ 'ತಹ' ಎಂದುಕೊಳ್ಳಿ. ಈ ಸಲ ಯಾರೂ ಲೆಕ್ಕ ತಪ್ಪುವುದು ಬೇಡ. ಕೊನೆಯದಕ್ಕೆ ಬಂದಾಗ ಅಲ್ಲೇ ಸ್ವಲ್ಪ ಹೊತ್ತು ನಿಂತಿರಿ — ಅದು ನನ್ನದು.